ಮಾಳಿಗೆಯ ಸೊಸೆಗೆ ಪಂಚಮಿ ಎಡೆ

ನಮ್ಮ ಸೀಮೆಯಲ್ಲಿ ಹಳೆಯ ವಾಡೆಯಂಥ ದೊಡ್ಡಮನೆ ಇದ್ದವರನ್ನು ಯಾರನ್ನಾದರೂ ಕೇಳಿ ನೋಡಿ, ತಮ್ಮ ವಾಡೆಯಿಂದ ಮುದಗಲ್ಲ ಕೋಟೆಗೆ ಒಂದು ಸುರಂಗ ಇದೆ ಎಂದು ಹೇಳದವರು ಸಿಗುವುದಿಲ್ಲ. ಎಲ್ಲರ ಮಾತೂ ಖರೆಯಾಗಿದ್ದರೆ ಲಿಂಗಸೂಗೂರಿನಿಂದ ಸಿಂಧನೂರಿನವರೆಗಿನ ನೆಲವೆಲ್ಲ ಇಲಿ ತೋಡಿದ ಹೊಲದ ಹಾಗೆ ಟೊಳ್ಳಾಗಿ, ಒಂದು ಎತ್ತಿನ ಗಾಡಿ ಹಾಯ್ದರೂ ಕುಸಿಯಬೇಕಿತ್ತು. ಸುರಂಗದ ಬಾಯಿ ತೋರಿಸಿ ಎಂದರೆ ಮಾತ್ರ ಎಲ್ಲರೂ ಅದು ಅಜ್ಜನ ಕಾಲಕ್ಕೇ ಮುಚ್ಚಿಹೋಯಿತು ಅನ್ನುತ್ತಾರೆ. ನನಗೆ ಮೊದಲಿನಿಂದಲೂ ಇಂಥ ಮಾತಿಗೆ ತಾಳ್ಮೆ ಕಡಿಮೆ. ಅದಕ್ಕೆ ಕಾರಣವೂ ಇದೆ.

ಮಸ್ಕಿಯ ನಮ್ಮ ವಾಡೆಗೂ ಒಂದು ಸುರಂಗ ಇತ್ತು, ನಿಧಿ ಇತ್ತು, ನಿಧಿ ಕಾಯುವ ಹಾವೂ ಇತ್ತು. ಗುಡ್ಡದ ಬಂಡೆಯ ಮೇಲೆ ಯಾರಿಗೂ ಓದಲು ಬಾರದ ಅಕ್ಷರಗಳಿದ್ದವಲ್ಲ, ಅವು ನಮ್ಮ ನಿಧಿಯ ಗುರುತೇ ಎಂದು ಅಜ್ಜ ನಂಬಿದ್ದನಂತೆ. ಆಮೇಲೆ ಓದು ಬಲ್ಲವರು ಬಂದು, ಅದು ಬಹಳ ಹಿಂದಿನ ಅರಸನೊಬ್ಬ ಜನಕ್ಕೆ ಬರೆಸಿದ ಬುದ್ಧಿಮಾತು ಅಂದರು. ಬರಿ ಬುದ್ಧಿಮಾತೇ ಎಂದು ಅಜ್ಜ ಎರಡು ದಿನ ಮುಖ ಊದಿಸಿಕೊಂಡಿದ್ದನಂತೆ.

ಹಾವು, ನಿಧಿಗಳ ಕಥೆ ಬೇಸಗೆಗೊಮ್ಮೆ ಬದಲಾಗುತ್ತಿತ್ತು. ಬದಲಾಗದೆ ಉಳಿದದ್ದು ಮಾಳಿಗೆಯ ಸೊಸೆಯ ಕಥೆ ಒಂದೇ. ನಮ್ಮ ಪಡಸಾಲೆಯ ಮೇಲೆ ಒಂದು ಕೋಣೆ ಇತ್ತು. ಅಂಗಳದ ಕಡೆಗೆ ನಿಂತು ನೋಡುವಂಥ ಕಟ್ಟಿಗೆಯ ಸಜ್ಜಾ, ಮೆಟ್ಟಿಲ ಕಡೆಗೆ ಕೀಲಿ ಹಾಕಿದ ದೊಡ್ಡ ಬಾಗಿಲು. ನಾಲ್ಕು ತಲೆಮಾರಿನ ಹಿಂದೆ ಈ ಮನೆಯ ಸೊಸೆಯೊಬ್ಬಳನ್ನು ಪಂಚಮಿಗೆ ಕರೆದೊಯ್ಯಲು ಅವಳ ಅಣ್ಣ ಬಂದಿದ್ದನಂತೆ. ವಾಡೆಯವರು ಕಳಿಸಲಿಲ್ಲ. ಅವಳು ಹಟ ಮಾಡಿದಳೆಂದು ಮಾಳಿಗೆಯಲ್ಲಿ ಕೂಡಿಹಾಕಿದರು. ಅಣ್ಣ ಅಗಸೆಬಾಗಿಲಲ್ಲಿ ಸಂಜೆಯವರೆಗೆ ಕೂತು ತಿರುಗಿ ಹೋದ. ಮರುದಿನ ಬಾಗಿಲು ತೆಗೆದರೆ ಒಳಗೆ ಯಾರೂ ಇರಲಿಲ್ಲ. ಅವಳನ್ನು ಗೋಡೆ ನುಂಗಿತು ಎಂದು ಕೆಲವರು ಹೇಳಿದರು. ಉಳಿದವರು ಸುರಂಗ ಹೊಕ್ಕು ಮುದಗಲ್ಲಿಗೆ ಹೋದಳು ಅಂದರು. ಬಿಸಿಲ ಹೊತ್ತಿನಲ್ಲಿ, ಊರೆಲ್ಲ ಉಂಡು ಮಲಗಿದಾಗ, ಆ ಕೋಣೆಯಿಂದ ಹೆಣ್ಣಿನ ಅಳು ಕೇಳುತ್ತದೆ ಎಂಬುದರಲ್ಲಿ ಮಾತ್ರ ಎಲ್ಲರೂ ಒಂದಾಗಿದ್ದರು.

ಈ ಕಥೆಯನ್ನು ನಮಗೆ ಹೇಳಿದವಳು ನನ್ನ ಅತ್ತಿ, ಅಪ್ಪನ ಅಕ್ಕ. ಅವಳನ್ನು ತುರ್ವಿಹಾಳಕ್ಕೆ ಕೊಟ್ಟಿದ್ದರು. ಅವಳಿಗೆ ಹದಿಮೂರಾದಾಗ ಗಂಡ ಜ್ವರದಲ್ಲಿ ಹೋದ. ಅಂದಿನಿಂದ ವಾಡೆಯಲ್ಲೇ ಇದ್ದಳು. ಹಣೆಗೆ ವಿಭೂತಿ, ಕೈ ಬರಿದು, ಸೊಂಟದಲ್ಲಿ ಕಣಜದ ಕೋಣೆಯ ಕೀಲಿ. ಮೊರದಲ್ಲಿ ಜೋಳ ಹಸನು ಮಾಡುತ್ತ ಅವಳು ಕಥೆ ಹೇಳಿದರೆ ನಮಗೆ ನೀರಡಿಕೆಯೂ ಮರೆಯುತ್ತಿತ್ತು. ಸೊಸೆ ಯಾರನ್ನಾದರೂ ಹಿಡಿಯುತ್ತಾಳೇನು ಎಂದು ನಾವು ಕೇಳಿದರೆ ಅವಳ ಉತ್ತರ ಯಾವಾಗಲೂ ಒಂದೇ.

"ಆಕಿ ಯಾರಿಗೂ ಏನೂ ಮಾಡಾಕಿಲ್ಲ. ಪಾಪ, ಅಳಾಕ ಒಂದು ಜಾಗ ಬೇಕಾಗಿತ್ತು, ಅಷ್ಟ."

ಲಿಂಗ ಕಟ್ಟಿದವರ ಮನೆಯಲ್ಲಿ ದೆವ್ವ ಎಂಥದು ಎಂದು ಮಠದ ಅಯ್ಯನವರು ನಗುತ್ತಿದ್ದರು. ಅಜ್ಜಿ ಮಾತ್ರ ನಗುತ್ತಿರಲಿಲ್ಲ. ಪ್ರತಿ ವರ್ಷ ನಾಗರಪಂಚಮಿಯ ಮಧ್ಯಾಹ್ನ ಅವಳು ತಾನೇ ಮಾಳಿಗೆ ಹತ್ತಿ, ತವರು ಕಾಣದ ಆ ಸೊಸೆಗೆ ಎಡೆ ಇಟ್ಟು ಉಡಿ ಕೊಡುತ್ತಿದ್ದಳು. ಎಡೆಯಲ್ಲಿ ಶೇಂಗಾದ ಉಂಡಿ, ಎಳ್ಳಿನ ಉಂಡಿ, ಸಜ್ಜೆ ರೊಟ್ಟಿ, ಮಡಿಕೆಕಾಳಿನ ಪಲ್ಯ. ಉಡಿಗೆ ಒಂದು ಕುಬಸದ ಖಣ, ಅದರೊಳಗೆ ಹಸಿರು ಬಳೆ. ಮರುದಿನ ಬೆಳಗ್ಗೆ ಬಾಗಿಲು ತೆಗೆದರೆ ಗಂಗಾಳ ಬರಿದಾಗಿರುತ್ತಿತ್ತು, ಉಡಿಯೂ ಇರುತ್ತಿರಲಿಲ್ಲ. ಇಲಿ ತಿಂದಿರಬೇಕು ಅನ್ನುತ್ತಿದ್ದ ಅಪ್ಪ, ಇಲಿಗೆ ಬಳೆ ಏಕೆ ಎಂದು ಕೇಳಿದರೆ ಮಾತು ತಿರುಗಿಸುತ್ತಿದ್ದ. ಎಡೆ ಇಡಲು ಶುರು ಮಾಡಿದ ಮೇಲೆ ಅಳು ಕಮ್ಮಿಯಾಗಿದೆ ಎಂದು ಅಜ್ಜಿ ಹೇಳುತ್ತಿದ್ದಳು. ನನ್ನ ಕಿವಿಗಂತೂ ಅದು ಒಮ್ಮೆಯೂ ಬಿದ್ದಿರಲಿಲ್ಲ.

ನಿಜಾಮರ ಕೊನೆಗಾಲದ ಗಲಾಟೆಯ ವರ್ಷ ನಮ್ಮನ್ನೆಲ್ಲ ಸಿಂಧನೂರಿಗೆ, ಸೋದರಮಾವನ ಮನೆಗೆ ಕಳಿಸಿದ್ದರು. ಪೊಲೀಸ್ ಆಕ್ಷನ್ ಮುಗಿದ ಮೇಲೆ ತಿರುಗಿ ಬಂದೆವು. ನನ್ನ ಅಣ್ಣ ಅಲ್ಲೇ ಉಳಿದು ಸಾಲಿಗೆ ಹೋದ. ಅವನಿಗಿಂತ ಮೊದಲು ಮಗ್ಗಿ ಬಾಯಿಪಾಠ ಮಾಡಿದ್ದು ನಾನು, ಸಾಲಿಗೆ ಹೋದದ್ದು ಅವನು. ಹೆಣ್ಣುಮಗಳನ್ನು ಪರಊರಲ್ಲಿ ಇಡುವುದಿಲ್ಲ ಎಂದರು. ಆ ಸಿಟ್ಟು ನನಗೆ ಈಗಲೂ ಪೂರ್ತಿ ಇಳಿದಿಲ್ಲ.

ನಿಜಾಮರ ಆಳಿಕೆ ಹೋಗಿ ಮೂರನೆಯ ವರ್ಷ, ನನಗೆ ಒಂಬತ್ತು ತುಂಬಿತ್ತು. ಆ ಚಳಿಗಾಲದಲ್ಲಿ ಅಜ್ಜಿ ತೀರಿಕೊಂಡಳು. ಅದೇ ವರ್ಷ ಮುಂಗಾರಿನ ಹೊತ್ತಿಗೆ ನಮ್ಮೂರಿಗೆ ಹೆಣ್ಣುಮಕ್ಕಳ ಕನ್ನಡ ಸಾಲಿ ಬಂತು. ಸಾಲಿ ಅಂದರೆ ಕಲಿಸುವ ಒಬ್ಬ ಅಕ್ಕೋರು, ಒಂದು ಕರಿಹಲಗೆ, ಒಂದು ಹಿತ್ತಾಳೆಯ ಗಂಟೆ, ಅಷ್ಟೆ. ಜಾಗ ಇರಲಿಲ್ಲ. ಅಪ್ಪ ನಮ್ಮ ಪಡಸಾಲೆ ಕೊಟ್ಟ. ನನ್ನ ಖುಷಿ ಹೇಳತೀರದು. ಪರಊರ ಸಾಲಿಗೆ ಕಳಿಸದ ನನ್ನ ಮನೆಗೇ ಸಾಲಿ ನಡೆದು ಬಂದಿತ್ತು.

ಬಂದದ್ದೇನೋ ಬಂತು, ಆದರೆ ಹುಡುಗಿಯರು ಬರಲಿಲ್ಲ. ಮೇಲೆ ಮಾಳಿಗೆಯ ಸೊಸೆ, ಕೆಳಗೆ ಸಾಲಿ, ಯಾವ ತಾಯಿ ಕಳಿಸಿಯಾಳು? ನಾನು, ಗಾಣದವರ ಹುಡುಗಿ, ಎದುರು ಮನೆಯ ಮೂಗು ಸೋರುವ ಒಬ್ಬಳು, ನಾವು ಮೂವರೇ ಕೂತು ಅ ಆ ಇ ಈ ಕೂಗಿದರೆ ನಮ್ಮ ದನಿ ನಮಗೇ ತಿರುಗಿ ಬರುತ್ತಿತ್ತು. ಅಕ್ಕೋರು ಮನೆಮನೆಗೆ ಹೋಗಿ ಕರೆದರು. ಹೋದಲ್ಲೆಲ್ಲ ಚಹಾ ಕೊಟ್ಟರು, ಹುಡುಗಿಯನ್ನು ಕೊಡಲಿಲ್ಲ.

ಹೀಗಿರುವಾಗಲೇ ಪಂಚಮಿ ಬಂತು. ಅಜ್ಜಿ ಇಲ್ಲದ್ದರಿಂದ ಎಡೆಯ ಕೆಲಸ ಅವ್ವನಿಗೆ ಬಿತ್ತು. ಅವ್ವನಿಗೆ ದೆವ್ವದ ಭಯ ಬಹಳ. ಭಯ ಇದ್ದವರು ಅಡಿಗೆಯಲ್ಲಿ ಕೈ ಬಿಗಿ ಹಿಡಿಯುವುದಿಲ್ಲ. ಅಜ್ಜಿ ಇಡುತ್ತಿದ್ದುದನ್ನೆಲ್ಲ ಇಟ್ಟು, ಮೇಲೆ ತನ್ನ ಕೈಗುಣಕ್ಕೆ ಹೆಸರಾದ ಎಣ್ಣೆಗಾಯಿ ಮಾಡಿ ಮೂರು ಬದನೆಕಾಯಿ ಬಡಿಸಿದಳು. ಬಾಗಿಲ ಒಳಗೇ ಗಂಗಾಳ, ಉಡಿ ಎರಡನ್ನೂ ಇಟ್ಟು, ಕೀಲಿ ಹಾಕಿ, ಹಿಂದಕ್ಕೆ ನೋಡದೆ ಇಳಿದು ಬಂದಳು. ಮರುದಿನ ತರಲು ಮತ್ತೆ ಹೋಗುವ ಧೈರ್ಯ ಸಾಲದೆ ನನ್ನನ್ನು ಕಳಿಸಿದಳು.

ನಾನು ಕೀಲಿ ತೆಗೆದು ನೋಡಿದೆ. ಉಂಡಿ ಇಲ್ಲ, ರೊಟ್ಟಿ ಇಲ್ಲ, ಪಲ್ಯ ಬಳಿದಂತೆ ಖಾಲಿ. ಮೂರು ಬದನೆಕಾಯಿ ಮಾತ್ರ ಗಂಗಾಳದ ಅಂಚಿಗೆ ಸಾಲಾಗಿ ಸರಿಸಿಟ್ಟಿದ್ದವು. ಹಾಗೆ ಸರಿಸಿಡುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಬದನೆಕಾಯಿ ತಿಂದರೆ ಅತ್ತಿಯ ತುಟಿ ಬಾತುಕೊಳ್ಳುತ್ತಿತ್ತು, ಮೈಯೆಲ್ಲ ತುರಿಸುತ್ತಿತ್ತು. ಮರೆತು ಯಾರಾದರೂ ಬಡಿಸಿದರೆ ಅವಳು ಏನೂ ಅನ್ನದೆ ಅಂಚಿಗೆ ಸರಿಸಿ ಉಳಿದದ್ದು ಉಣ್ಣುತ್ತಿದ್ದಳು. ನಾನು ಗಂಗಾಳ ಹಿಡಿದು ಕೆಳಗೆ ಬಂದೆ. ಎಲ್ಲರೂ ಅಡಿಗೆಮನೆಯಲ್ಲಿದ್ದರು.

"ಅವ್ವಾ, ದೆವ್ವಕ್ಕೂ ಅತ್ತಿಗತೆ ಬದ್ನಿಕಾಯಿ ಆಗಾಕಿಲ್ಲ ನೋಡು" ಅಂದೆ.

ಅತ್ತಿ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಅವಳ ಕೈ ನಿಂತಿತು. ಅಪ್ಪ, ಇಲಿಗೂ ಈಗ ಪಥ್ಯ ಬಂದಿದೆ ಎಂದು ನಕ್ಕು ಹೊರಗೆ ಹೋದ. ಅವ್ವ ಗಂಗಾಳ ನೋಡಿದಳು, ಅತ್ತಿಯನ್ನು ನೋಡಿದಳು, ಗಂಗಾಳವನ್ನು ತೊಳೆಯಲು ಹಾಕಿದಳು.

ಅಂದು ಮಧ್ಯಾಹ್ನ ಅತ್ತಿ ನನ್ನ ರಟ್ಟೆ ಹಿಡಿದು ಕಣಜದ ಕೋಣೆಗೆ ಕರೆದೊಯ್ದಳು. ಜೋಳದ ಕಣಜದ ಹಿಂದೆ ಒಂದಾಳು ಹಿಡಿಯುವಷ್ಟು ಸಂದು, ಸಂದಿನಲ್ಲಿ ಕಡಿದಾದ ಮೆಟ್ಟಿಲು. ಹತ್ತಿದರೆ ಮಾಳಿಗೆಯ ಕೋಣೆ. ಒಳಗೆ ಒಂದು ಚಾಪೆ, ನೀರಿನ ತಂಬಿಗೆ, ಒಂದು ಹಳೆಯ ಟ್ರಂಕು. ಸಜ್ಜಾದ ಸಂದಿಯಿಂದ ಬಿಸಿಲು ಬೀಳುತ್ತಿತ್ತು. ಭಯಪಡುವಂಥದ್ದು ಅಲ್ಲಿ ಏನೂ ಇರಲಿಲ್ಲ.

ಅವಳು ಚಾಪೆಯ ಮೇಲೆ ಕೂತು ಹೇಳಿದಳು. ಗಂಡ ಸತ್ತು ತಿರುಗಿ ಬಂದಾಗ ಅವಳ ಅಪ್ಪ, ಅಂದರೆ ನನ್ನ ಅಜ್ಜ, ಮಗಳು ಅಳುವುದನ್ನು ನೋಡಲಾರದೆ ಸಿಡುಕುತ್ತಿದ್ದನಂತೆ. ವಾಡೆಯ ಮಗಳು ಆಳುಹೋಳುಗಳ ಮುಂದೆ ಅಳಬಾರದು ಎಂದು ಕಟ್ಟು ಮಾಡಿದ. ಅದಕ್ಕೆ ಎಲ್ಲರೂ ಮಲಗಿದ ಬಿಸಿಲ ಹೊತ್ತಿನಲ್ಲಿ ಇಲ್ಲಿ ಬಂದು ಅಳುತ್ತಿದ್ದಳು. ಒಂದು ದಿನ ಎಮ್ಮೆ ಹಿಂಡುವ ಹೆಂಗಸು ಕೇಳಿಸಿಕೊಂಡು ಚೆಂಬು ಎಸೆದು ಓಡಿದಳು. ಸಂಜೆಯ ಹೊತ್ತಿಗೆ, ಯಾವಾಗಲೋ ಕೇಳಿ ಮರೆತಿದ್ದ ಮಾಳಿಗೆಯ ಸೊಸೆಯ ಕಥೆ ಊರ ತುಂಬ ಮತ್ತೆ ಎದ್ದಿತ್ತು.

"ನಾ ಅಲ್ಲ ಅನ್ಲಿಲ್ಲ. ಅಂದ್ರ ನಮ್ಮಪ್ಪನ ಇಜ್ಜತ್ ಹೋಗ್ತಿತ್ತು. ನಮ್ಮವ್ವನೂ ನಂಬಿದ್ಲು. ಆ ವರ್ಷದಿಂದಾನ ಎಡಿ ಇಡಾಕ ಸುರು ಮಾಡಿದ್ಲು. ದೆವ್ವಕ್ಕ ಅಂತ ಇಟ್ಟದ್ದು ನಾ ಉಂಡೆ. ಉಣ್ಣಲಿಲ್ಲಂದ್ರ ಆಕಿ ಅಂಜ್ತಿದ್ಲು ನೋಡು."

"ಉಡಿ?"

"ಟ್ರಂಕಿನ್ಯಾಗ ಅದಾವ. ಒಂದೂ ಬಿಚ್ಚಿಲ್ಲ. ಬಿಚ್ಚಿ ನೋಡಿದ್ರ ಆಸಿ ಆಗ್ತೈತಿ." ನನ್ನ ಗದ್ದ ಹಿಡಿದು, "ಯಾರ ಮುಂದೂ ಹೇಳಬ್ಯಾಡ ನನ್ನವ್ವ" ಅಂದಳು. ನಾನು ಎದೆಯ ಮೇಲಿನ ಲಿಂಗ ಮುಟ್ಟಿ ಆಗಲಿ ಅಂದೆ.

ಹತ್ತು ದಿನ ಕಳೆದಿರಬೇಕು. ಲಿಂಗಸೂಗೂರಿನಿಂದ ಸಾಹೇಬರು ಸಾಲಿ ನೋಡಲು ಬಂದರು. ಮೂವರನ್ನು ಎಣಿಸಲು ಬಹಳ ಹೊತ್ತು ಬೇಕಾಗಲಿಲ್ಲ. ಇನ್ನೊಂದು ತಿಂಗಳೊಳಗೆ ಹತ್ತು ಹುಡುಗಿಯರಾದರೂ ಆಗದಿದ್ದರೆ ಅಕ್ಕೋರನ್ನು ಬೇರೆ ಊರಿಗೆ ಹಾಕುವುದಾಗಿ ಹೇಳಿ, ಚಹಾ ಕುಡಿದು ಹೋದರು. ಅಕ್ಕೋರು ಮರುದಿನವೇ ತಮ್ಮ ಪುಸ್ತಕಗಳನ್ನು ಒಂದು ಕಡೆ ಜೋಡಿಸಿಟ್ಟರು. ನಾನು ಆಗ ತಾನೇ ಕಾಗುಣಿತ ಮುಗಿಸಿ ಒತ್ತಕ್ಷರಕ್ಕೆ ಬಂದಿದ್ದೆ. ಹೀಗೆ ಅರ್ಧಕ್ಕೇ ನಿಂತು ಹೋದರೆ ನನ್ನ ಪಾಲಿಗೆ ಮತ್ತೆ ಯಾವ ಸಾಲಿಯೂ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

ಒಂದು ಮಾತು ಹೇಳಿದರೆ ಸಾಲಿ ಉಳಿಯುತ್ತದೆ, ಆ ಮಾತು ಹೇಳಲು ನನಗೆ ಬಾಯಿಲ್ಲ. ಮೂರು ದಿನ ಹಲ್ಲು ಕಚ್ಚಿಕೊಂಡು ತಿರುಗಿದೆ. ನಾಲ್ಕನೆಯ ದಿನ ಅತ್ತಿ ನನ್ನ ಜಡೆ ಹೆಣೆಯುತ್ತಿದ್ದಾಗ ಸಿಟ್ಟು ತಡೆಯಲಿಲ್ಲ.

"ನೀ ಅವತ್ತು ಅತ್ತದ್ದಕ್ಕ ಇವತ್ತು ನನ್ನ ಸಾಲಿ ಹೋಗಾಕತ್ತೈತಿ" ಅಂದುಬಿಟ್ಟೆ.

ಅವಳು ಬಯ್ಯಲಿಲ್ಲ. ಜಡೆ ಪೂರ್ತಿ ಹೆಣೆದು, ತುದಿಗೆ ದಾರ ಕಟ್ಟಿ, ಎದ್ದು ಹೋದಳು. ಒಂಬತ್ತು ವರ್ಷದ ಹುಡುಗಿ ಆಡಿದ ಮಾತು ಅದು, ಆದರೂ ನೆನೆದರೆ ಇಂದಿಗೂ ನನಗೆ ನಾಚಿಕೆಯಾಗುತ್ತದೆ.

ಆ ವಾರವೇ ಅಪ್ಪ ಓಣಿಯ ಹೆಂಗಸರನ್ನೆಲ್ಲ ವಾಡೆಗೆ ಕರೆಸಿದ. ಹತ್ತು ಗಂಟೆಯ ಬಿಸಿಲಿನಲ್ಲಿ ಅಂಗಳ ತುಂಬಿತು. ಅಕ್ಕೋರು ಓದಿನ ಲಾಭ ಹೇಳಿದರು. ಮಠದ ಅಯ್ಯನವರು ಮೂಲೆಮೂಲೆಗೆ ವಿಭೂತಿ ಹಾಕಿ, ಇನ್ನು ಏನೂ ಇಲ್ಲ ಅಂದರು. ಅಪ್ಪ, ದೆವ್ವ ಮೊದಲೂ ಇರಲಿಲ್ಲ ಅಂದ. ಮೊದಲೇ ಇರಲಿಲ್ಲವಾದರೆ ಅಯ್ಯನವರು ಓಡಿಸಿದ್ದು ಏನನ್ನು ಎಂದು ಹಿಂದಿನಿಂದ ಯಾರೋ ಕೇಳಿದರು. ಹೆಂಗಸರು ಸೆರಗಿನಲ್ಲಿ ನಕ್ಕರು. ಆಗ ಎಮ್ಮೆ ಹಿಂಡುವ ಅದೇ ಹೆಂಗಸು, ಈಗ ಹಣ್ಣು ಮುದುಕಿ, ಎದ್ದು ನಿಂತಳು.

"ಗೌಡ್ರ, ನೀವು ಆಗ ಸಣ್ಣಾವ್ರು. ನಾ ನನ್ನ ಕಿವೀಲೆ ಕೇಳೀನ್ರಿ. ಅಂಥಾ ಅಳು ಬರಿ ಮನುಷ್ಯಾರದಲ್ಲ. ಕರುಳು ಹರಕೊಂಡು ಅಳಾಕತ್ತಿದ್ಲು."

ಅದೇ ಹೊತ್ತಿಗೆ ಮೇಲೆ ದಡಬಡ ಸಪ್ಪಳವಾಯಿತು. ಹೆಂಗಸರು ಮಕ್ಕಳನ್ನು ಎಳೆದುಕೊಂಡು ಅಗಸೆಯ ಕಡೆಗೆ ಸರಿದರು. ಮಾಳಿಗೆಯಿಂದ ಸಜ್ಜಾಕ್ಕೆ ತೆರೆಯುವ, ತುಕ್ಕು ಹಿಡಿದಿದ್ದ ಕಿಟಕಿಬಾಗಿಲನ್ನು ಒಳಗಿನಿಂದ ಯಾರೋ ಗುದ್ದುತ್ತಿದ್ದರು. ಎರಡು ಗುದ್ದಿಗೆ ಅದು ತೆರೆಯಿತು. ಸಜ್ಜಾದಲ್ಲಿ, ಹಗಲು ಬಿಸಿಲಿನಲ್ಲಿ, ನನ್ನ ಅತ್ತಿ ಬಂದು ನಿಂತಳು. ತಲೆಯ ಮೇಲೆ ಸೆರಗು, ಸೆರಗಿನ ತುಂಬ ಧೂಳು.

"ನೀ ಕೇಳಿದ್ದು ಖರೆ ಐತಿ" ಎಂದಳು ಮುದುಕಿಗೆ. "ಅತ್ತಾಕಿ ನಾ. ಕೆಳಗ ಅಳಾಕ ನನಗ ಜಾಗ ಇರಲಿಲ್ಲ. ಎಡಿ ಉಂಡಾಕಿನೂ ನಾನ. ಇಲ್ಲಿ ಮತ್ಯಾರೂ ಇಲ್ಲ. ನಿಮ್ಮ ಹುಡುಗ್ಯಾರನ್ನ ಕಳಸ್ರಿ."

ಅಪ್ಪ ತಲೆ ತಗ್ಗಿಸಿದ. ಇಪ್ಪತ್ತೆರಡು ವರ್ಷ ಇಲಿಯ ಮೇಲೆ ಹಾಕಿದ್ದೆಲ್ಲ ಅವನಿಗೆ ಆಗ ನೆನಪಾಗಿರಬೇಕು. ಮುದುಕಿ ಅಂಗಳದ ನಡುವೆ ಹಾಗೇ ಕುಸಿದು ಕೂತಳು.

"ಯವ್ವಾ, ನಿನ್ನ ದನಿ ಅಂತ ಗೊತ್ತಾಗಲಿಲ್ಲ ನನಗ. ಓಡಿ ಬರಬೇಕಾದಾಕಿ ಓಡಿ ಹೋಗೀನಿ" ಎಂದು ಎದೆಗೆ ಕೈ ಹಚ್ಚಿಕೊಂಡು ಅತ್ತಳು.

ಮರುದಿನ ಒಂಬತ್ತು ಹುಡುಗಿಯರು ಬಂದರು. ಮುದುಕಿಯ ಮೊಮ್ಮಗಳು ಎಲ್ಲರಿಗಿಂತ ಮುಂದೆ ಕೂತಳು. ತಿಂಗಳಾಗುವಷ್ಟರಲ್ಲಿ ಹದಿನೈದಾದರು. ಅಕ್ಕೋರು ಜೋಡಿಸಿಟ್ಟ ಪುಸ್ತಕಗಳನ್ನು ಮತ್ತೆ ಹರವಿದರು.

ದಸರೆಯ ಹೊತ್ತಿಗೆ ಅತ್ತಿಗೆ ಒಂದು ವಿಚಾರ ಬಂತು. ಟ್ರಂಕಿನಲ್ಲಿ ಕೊಳೆಯುತ್ತ ಬಿದ್ದ ಖಣ, ಬಳೆ ಸಾಲಿಯ ಹುಡುಗಿಯರಿಗಾದರೂ ಆಗಲಿ ಅಂದಳು. ದೆವ್ವದ ಬಳೆ ಯಾರು ಇಟ್ಟುಕೊಳ್ಳುತ್ತಾರೆ ಎಂದು ಅವ್ವ ಅನುಮಾನ ಮಾಡಿದಳು. "ದೆವ್ವನ ಇಲ್ಲ ಅಂದ ಮ್ಯಾಲ ಬಳಿ ಅದರವು ಹೆಂಗಾದಾವು?" ಎಂದು ಅತ್ತಿ ನಕ್ಕಳು. ಟ್ರಂಕನ್ನು ಪಡಸಾಲೆಗೆ ಇಳಿಸಿದೆವು. ಅಂದು ಸಾಲಿಗೆ ರಜೆ ಇತ್ತು. ಅತ್ತಿ, ಅವ್ವ, ನಾನು ಮೂವರೇ ಇದ್ದೆವು.

ಗಂಟುಗಳು ಹಾಕಿದ ವರಸೆಯಲ್ಲೇ ಇದ್ದವು. ಮೇಲಿನದು ಈ ವರ್ಷ ಅವ್ವ ಇಟ್ಟದ್ದು, ತಳದಲ್ಲಿದ್ದದ್ದು ಎಲ್ಲಕ್ಕೂ ಮೊದಲಿನದು. ನಾನು ಅವಸರದವಳು, ತಳಕ್ಕೇ ಕೈ ಹಾಕಿ ಆ ಗಂಟು ಬಿಚ್ಚಿದೆ. ಹಸಿರು ಬಳೆ ಸಣ್ಣವಿದ್ದವು. ನನ್ನ ಕೈಗೆ ಹಾಕಿ ನೋಡಿದೆ, ಸ್ವಲ್ಪ ಮಾತ್ರ ಸಡಿಲ. ಅದರ ಮೇಲಿನ ಗಂಟಿನವು ಕೊಂಚ ದೊಡ್ಡವು. ಅದರ ಮೇಲಿನವು ಇನ್ನೂ ಕೊಂಚ. ಐದಾರು ಗಂಟು ಹೀಗೇ ಬೆಳೆಯುತ್ತ ಹೋಗಿ, ಆಮೇಲಿನವೆಲ್ಲ ಒಂದೇ ಅಳತೆ.

"ಅತ್ತಿ, ದೆವ್ವದ ಕೈ ಬೆಳೀತಾವೇನು?" ಎಂದು ಕೇಳಿದೆ. ನಾನು ತಮಾಷೆಗೆ ಕೇಳಿದ್ದಲ್ಲ.

ಅತ್ತಿ ಬಳೆಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟಳು. ಮೊದಲಿನದರ ಮೇಲೆ ಬೆರಳಾಡಿಸಿದಳು. ಹದಿಮೂರು ವರ್ಷದ ಹುಡುಗಿಯ ಮಣಿಕಟ್ಟಿನ ಅಳತೆ ಅದು. ಅವ್ವ ನನಗಿಂತ ಮೊದಲೇ ತಿಳಿದುಕೊಂಡಳು.

"ಅಕ್ಕಾರ" ಎಂದಳು ಅವ್ವ ಮೆಲ್ಲಗೆ, "ನಿಮ್ಮವ್ವಾರು ಎಡಿಗೆ ಒಂದು ವರ್ಷನೂ ಬದ್ನಿಕಾಯಿ ಮಾಡಗೊಟ್ಟಿರಲಿಲ್ಲ. ದೆವ್ವಕ್ಕ ಆಗಿಬರಾಕಿಲ್ಲ ಅಂತಿದ್ರು. ಈ ಸಲ ನಾನ ಮರತು ಮಾಡಿದೆ."

ಅತ್ತಿ ಆ ಸಣ್ಣ ಬಳೆಗಳನ್ನು ಎತ್ತಿ ಅಂಗೈಯಲ್ಲಿ ಹಿಡಿದಳು. ಆಮೇಲೆ, "ಅವ್ವಗ ಗೊತ್ತಿತ್ತು" ಎಂದಳು. ಮತ್ತೊಮ್ಮೆ ಅದನ್ನೇ ಹೇಳಿದಳು. ಮಗಳಿಗೆ ಬಳೆ ಕೊಡುವಂತಿಲ್ಲ, ಪಂಚಮಿಯ ಉಡಿ ಹಾಕುವಂತಿಲ್ಲ, ಅತ್ತರೆ ಅಪ್ಪಿಕೊಂಡು ಕೂರುವಂತಿಲ್ಲ. ಅದಕ್ಕೇ ಅಜ್ಜಿ ಮಗಳ ಪಾಲಿನದನ್ನೆಲ್ಲ ಒಂದು ದೆವ್ವದ ಹೆಸರಿನಲ್ಲಿ ಮಾಳಿಗೆ ಹತ್ತಿಸಿದ್ದಳು. ಬಳೆಗಾರನ ಹತ್ತಿರ ವರ್ಷಕ್ಕೊಮ್ಮೆ ಅಳತೆ ನೆನಪಿಟ್ಟು ಬಳೆ ಕೊಂಡಿದ್ದಳು. ತಾಯಿ, ಮಗಳು ಒಂದೇ ಒಲೆಯ ಮುಂದೆ ದಿನಾ ಕೂತರೂ ಇಬ್ಬರೂ ಇದರ ಮಾತೆತ್ತಲಿಲ್ಲ. ಅಜ್ಜಿ ಹೇಳದೆಯೇ ಹೋದಳು.

ಅತ್ತಿ ಅಲ್ಲೇ, ಪಡಸಾಲೆಯಲ್ಲೇ, ದನಿ ತೆಗೆದು ಅತ್ತಳು. ಅವಳ ಅಳುವನ್ನು ನಾನು ಕೇಳಿದ್ದು ಅದೇ ಮೊದಲು. ಅಂಗಳದಲ್ಲಿ ಹಾಲು ತಂದ ಮುದುಕಿ ಚೆಂಬು ಕೆಳಗಿಟ್ಟು ಒಳಗೆ ಓಡಿ ಬಂದಳು, ಬಂದು ಅತ್ತಿಯ ಬೆನ್ನು ಹಿಡಿದು ಕೂತಳು.

ಸಂಜೆ ಅತ್ತಿ ಅಜ್ಜಿಯ ಕೊನೆಯ ವರ್ಷದ ಬಳೆಗಳನ್ನು ಕೈಗೆ ಏರಿಸಿ ನೋಡಿದಳು. ಸರಿಯಾಗಿ ಕೂತವು. ದೀಪ ಹಚ್ಚುವವರೆಗೂ ತೆಗೆಯಲಿಲ್ಲ. ಅಪ್ಪ ಎದುರಿಗೇ ಕೂತಿದ್ದ, ನೋಡಿಯೂ ಏನೂ ಅನ್ನಲಿಲ್ಲ. ಆ ಒಂದು ಗಂಟು ಬಿಟ್ಟು ಉಳಿದದ್ದೆಲ್ಲ ಹುಡುಗಿಯರಿಗೆ ಹೋಯಿತು. ಎಲ್ಲಕ್ಕೂ ಸಣ್ಣವು ನನಗೆ ಬಂದವು.

ರಾಜ್ಯ ಒಂದಾದ ವರ್ಷದ ಹೊತ್ತಿಗೆ ಸಾಲಿಗೆ ಬೇರೆ ಕಟ್ಟಡವಾಯಿತು, ನಾನೂ ಐದನೆಯ ಇಯತ್ತೆ ಮುಗಿಸಿದೆ. ವಾಡೆಯ ಮಾತು ಬಂದಾಗ ಜನ ಈಗಲೂ ನನ್ನನ್ನು ಸುರಂಗದ ವಿಷಯ ಕೇಳುತ್ತಾರೆ. ನನಗೆ ನೆನಪಾಗುವುದು ಸಾಲಿ ಬಂದ ಮರುವರ್ಷದ ಪಂಚಮಿ.

ಹಬ್ಬದ ದಿನ ಅತ್ತಿ ಎಲ್ಲರ ಊಟವಾದ ಮೇಲೆ ಒಲೆಯ ಮೂಲೆಯಲ್ಲಿ ಕೂತು ಉಣ್ಣುವುದು ರೂಢಿ. ಆ ವರ್ಷ ಅವ್ವ ಮೊದಲು ಎಡೆಯ ಗಂಗಾಳ ತುಂಬಿದಳು. ಶೇಂಗಾದ ಉಂಡಿ, ಎಳ್ಳಿನ ಉಂಡಿ, ಸಜ್ಜೆ ರೊಟ್ಟಿ, ಮಡಿಕೆಕಾಳಿನ ಪಲ್ಯ. ನಾನು ಹಿಂದಿನಂತೆ ಮಾಳಿಗೆಗೆ ಒಯ್ಯಲೆಂದು ಕೈ ಚಾಚಿದೆ. ಅವ್ವ ಕೊಡಲಿಲ್ಲ. ಪಂಕ್ತಿಯ ಮೊದಲಿಗೆ, ಅಪ್ಪನ ಪಕ್ಕದಲ್ಲಿ ಮಣೆ ಹಾಕಿ, ಅತ್ತಿಯನ್ನು ಕರೆದು ಕೂರಿಸಿ, ಗಂಗಾಳವನ್ನು ಅವಳ ಮುಂದೆ ಇಟ್ಟಳು. ಅತ್ತಿ ಎಲ್ಲರ ಎದುರಿಗೆ ಉಂಡಳು. ಅಂಚಿಗೆ ಸರಿಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ.